ಕಷ್ಟಕ್ಕೆ ಆಗೋರು ಯಾರು? ಮುಯ್ಯಿ ಪುಸ್ತಕದಿಂದ ಡೆಲಿವರಿ ಹುಡುಗರ ಚೀಟಿವರೆಗೆ

ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಉದ್ದನೆಯ ನೋಟ್‌ಬುಕ್ ಒಂದಿದೆ. ಮೊದಲ ಪುಟದ ಮೂಲೆಗೆ ಅರಿಶಿನದ ಬೊಟ್ಟು, ಕೆಳಗೆ 'ಶ್ರೀ', ಆಮೇಲೆ ಸಾಲು ಸಾಲು ಲೆಕ್ಕ. ನಮ್ಮ ಸೋದರತ್ತೆಯ ಮದುವೆಗೆ ಬಂದ ಮುಯ್ಯಿ ಅದು. 'ಮೇಲಿನ ಬೀದಿ ಗೌಡರ ಮನೆ – 11 ರೂ.' 'ಕೆರೆ ಹಿಂದಿನ ಅಜ್ಜಿ – 2 ರೂ., ಒಂದು ಸೇರು ಅಕ್ಕಿ.' 'ಬಳೆಗಾರರು – 5 ರೂ.' ಕೆಲವು ಸಾಲಿನ ಮುಂದೆ ಬೇರೆ ಶಾಯಿಯಲ್ಲಿ ಒಂದು ಗೀಟು. ಚಿಕ್ಕವನಿದ್ದಾಗ ಅದೇನು ಅಂತ ಅಮ್ಮನನ್ನು ಕೇಳಿದ್ದೆ. 'ಅದು ತೀರಿಸಿದ್ದು ಕಣೋ' ಅಂದಿದ್ದಳು. ಗೀಟಿಲ್ಲದ ಸಾಲುಗಳೆಂದರೆ ನಾವು ಇನ್ನೂ ಹೋಗಬೇಕಾದ ಮದುವೆಗಳು.

ಪ್ರೀತಿಯಿಂದ ಕೊಟ್ಟಿದ್ದಕ್ಕೂ ಲೆಕ್ಕವಾ ಅಂತ ಆಗ ನನಗೆ ಒಂಥರಾ ಅನಿಸಿತ್ತು. ಈಗ ಹಾಗನಿಸಲ್ಲ. ಮದುವೆ ಮನೆಯವರಿಗೆ ಆವತ್ತು ಕೈಯಲ್ಲಿ ದುಡ್ಡು ಬೇಕು. ಊರಿನವರೆಲ್ಲ ಸ್ವಲ್ಪ ಸ್ವಲ್ಪ ಹಾಕಿದರೆ ಅಡುಗೆಯವರಿಗೆ, ಚಪ್ಪರದವರಿಗೆ ಕೊಡುವಷ್ಟಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ಬಡ್ಡಿಯಿಲ್ಲದ ಸಾಲ. ಅದನ್ನು ತೀರಿಸುವುದು ಯಾವಾಗ? ಕೊಟ್ಟವರ ಮನೆಯಲ್ಲಿ ಮದುವೆಯಾಗುವ ದಿನ, ಅಂದರೆ ಅವರಿಗೆ ದುಡ್ಡು ಬೇಕಾದ ದಿನವೇ. ಇಷ್ಟು ಚೆಂದದ ವಾಯಿದೆ ಯಾವ ಬ್ಯಾಂಕೂ ಕೊಡಲ್ಲ.

ಈಗ ನಾಲ್ಕು ಜನ ಸೇರಿದ ಕಡೆ ಒಂದೇ ಮಾತು. ಎಐ ಬಂತು, ಕೆಲಸ ಉಳಿಯುತ್ತೋ ಇಲ್ವೋ. ಊರು ಬಿಟ್ಟು ಬಂದಾಯ್ತು, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ನಾಳೆ ಬಿದ್ದರೆ ಎತ್ತೋರು ಯಾರು? ಜನರಲ್ಲಿ ಮೊದಲಿನ ಒಳ್ಳೆಯತನ ಇಲ್ಲ ಅನ್ನೋದು ಇದಕ್ಕೆ ಸಿಗುವ ಸುಲಭದ ಉತ್ತರ. ನಾನು ಒಪ್ಪಲ್ಲ. ಒಳ್ಳೆಯತನ ಆಗಲೂ ಇಷ್ಟೇ ಇತ್ತು, ಈಗಲೂ ಇಷ್ಟೇ ಇದೆ. ಆಗ ಇದ್ದು ಈಗ ಇಲ್ಲದಿರುವುದು ಆ ನೋಟ್‌ಬುಕ್. ಜೊತೆಗೆ, ನಾಳೆಯೂ ಇದೇ ಮುಖ ನೋಡಬೇಕಲ್ಲ ಅನ್ನುವ ಅಳುಕು.

ಮಷಿನ್‌ಗೆ ಮುಯ್ಯಿ ತೀರಿಸಕ್ಕಾಗಲ್ಲ

ಮದುವೆಯ ಮುಯ್ಯಿಗಿಂತ ಗದ್ದೆಯ ಮುಯ್ಯಾಳು ಇನ್ನೂ ಗಟ್ಟಿ ಏರ್ಪಾಡು. ಇವತ್ತು ನಮ್ಮ ಗದ್ದೆಯ ನಾಟಿಗೆ ನಿಮ್ಮ ಮನೆಯಿಂದ ಮೂರು ಜನ ಬಂದರೆ, ನಾಡಿದ್ದು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಮೂರು ಜನ. ಕೂಲಿ ಇಲ್ಲ, ಊಟ ಮಾತ್ರ. ನಾಟಿಗೆ ಸಿಗುವುದು ಕೆಲವೇ ದಿನ. ಪೈರು ಬಲಿತುಬಿಟ್ಟರೆ ಕಷ್ಟ, ನೀರು ಇಂಗಿದರೂ ಕಷ್ಟ. ಒಂದು ಮನೆಯವರೇ ಹದಿನೈದು ದಿನ ಬಗ್ಗುವ ಬದಲು ಐದು ಮನೆಯವರು ಸೇರಿ ಒಂದೊಂದು ಗದ್ದೆಯನ್ನು ಮೂರು ಮೂರು ದಿನಕ್ಕೆ ಮುಗಿಸುತ್ತಿದ್ದರು. ಕೈ ಕೊಟ್ಟವನಿಗೆ ಮುಂದಿನ ಮಳೆಗಾಲದಲ್ಲಿ ಆಳಿಲ್ಲ, ಅಷ್ಟೇ ಶಿಕ್ಷೆ. ಪೊಲೀಸು, ಕೋರ್ಟು ಏನೂ ಬೇಕಿರಲಿಲ್ಲ.

ಮುಯ್ಯಿ ಅನ್ನುವ ಪದಕ್ಕೆ ಸೇಡು ಅನ್ನುವ ಅರ್ಥವೂ ಇದೆ, ನೋಡಿ. 'ಮುಯ್ಯಿ ತೀರಿಸಿಕೊಂಡ' ಅಂದರೆ ಉಪಕಾರಕ್ಕೂ ಆಗಬಹುದು, ಅಪಕಾರಕ್ಕೂ ಆಗಬಹುದು. ಎರಡೂ ಕಡೆ ನೆನಪಿಟ್ಟುಕೊಳ್ಳುವುದೇ ಮುಖ್ಯ.

ಆಮೇಲೆ ಕಟಾವು ಮಷಿನ್ ಬಂತು. ಗಂಟೆಗೆ ಇಷ್ಟು ಅಂತ ಬಾಡಿಗೆ. ಬೆಳಗ್ಗೆ ನಿಂತಿದ್ದ ಭತ್ತ ಮಧ್ಯಾಹ್ನಕ್ಕೆ ಚೀಲದಲ್ಲಿ. ಇದನ್ನು ನಾನು ಬೈಯಲ್ಲ. ಬಗ್ಗಿ ಬಗ್ಗಿ ಸೊಂಟ ಹೋದವರನ್ನು ಕೇಳಿದರೆ ಮಷಿನ್ ಏನು ಅಂತ ಹೇಳುತ್ತಾರೆ. ಆದರೆ ಮಷಿನ್‌ಗೆ ಮುಯ್ಯಿ ತೀರಿಸಕ್ಕಾಗಲ್ಲ, ದುಡ್ಡೇ ಕೊಡಬೇಕು. ಆ ದುಡ್ಡಿಗಾಗಿ ಮನೆಯ ಹುಡುಗ ಬೆಂಗಳೂರಿಗೆ ಹೋದ. ಗದ್ದೆ ಬದುವಿನ ಊಟ ನಿಂತಿತು. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅನ್ನುವುದು ಗೊತ್ತಾಗುತ್ತಿದ್ದದ್ದೇ ಆ ಊಟದ ಹೊತ್ತಿಗೆ.

ಹಳೇ ಕಾಲವನ್ನು ಸುಮ್ನೆ ಹೊಗಳಿ ಮುಂದೆ ಹೋಗಕ್ಕಾಗಲ್ಲ. ಮುಯ್ಯಾಳು ನಡೆಯುತ್ತಿದ್ದದ್ದು ಜಮೀನು ಇದ್ದವರ ನಡುವೆ. ಜಮೀನೇ ಇಲ್ಲದವರು ತಿರುಗಿ ಯಾರನ್ನು ಕರೆಯಬೇಕು, ಯಾವ ಗದ್ದೆಗೆ? ಅವರು ಆಳಾಗಿ ಬಂದು ಆಳಾಗಿಯೇ ಹೋದರು. ಊಟಕ್ಕೂ ಜಾತಿ ನೋಡಿ ಪಂಕ್ತಿ ಹಾಕುತ್ತಿದ್ದ ಊರುಗಳವು. ಹಾಗಾಗಿ 'ಮೊದಲು ಎಲ್ಲ ಒಗ್ಗಟ್ಟಾಗಿದ್ವಿ' ಅನ್ನೋರನ್ನು 'ಯಾರ್ಯಾರು?' ಅಂತ ಒಂದು ಸಲ ಕೇಳಿ ನೋಡಬೇಕು.

28 ಜನ, 28 ಪೌಂಡು

ಮಷಿನ್ ಬಂದು ಬದುಕು ಅಲುಗಾಡಿದ ಕತೆ ನಮ್ಮಲ್ಲಿಗಿಂತ ಮೊದಲು ಇಂಗ್ಲೆಂಡಿನಲ್ಲಿ ನಡೆಯಿತು. ಮ್ಯಾಂಚೆಸ್ಟರ್ ಪಕ್ಕದ ರಾಚ್‌ಡೇಲ್ ನೇಕಾರರ ಊರು. ಮಿಲ್ಲಿನ ಮಗ್ಗಗಳು ಬಂದ ಮೇಲೆ ಕೈಮಗ್ಗದವರ ಕೂಲಿ ಬಿತ್ತು. 1840ರ ಆಚೀಚೆ ಅಲ್ಲಿ ಹೊಟ್ಟೆಗಿಲ್ಲದ ಕಾಲ. ಅಂಗಡಿಯವರು ಕಲಬೆರಕೆ ಹಿಟ್ಟು ಮಾರುತ್ತಿದ್ದರು, ತೂಕದಲ್ಲೂ ಮೋಸ. ಸಾಲದಲ್ಲಿದ್ದವನು ಅಂಗಡಿ ಬದಲಾಯಿಸುವ ಹಾಗೂ ಇಲ್ಲ.

ನೇಕಾರರು, ಬೇರೆ ಕಸುಬಿನವರು ಸೇರಿ 28 ಜನ ವಾರಕ್ಕೆ ಎರಡು ಮೂರು ಪೆನ್ನಿ ಕೂಡಿಸಿ 28 ಪೌಂಡು ಬಂಡವಾಳ ಮಾಡಿದರು. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಅನ್ನುವ ಬೀದಿಯಲ್ಲಿ ಅಂಗಡಿ ತೆರೆದರು. ಒಳಗಿದ್ದ ಸಾಮಾನು ಕೇಳಿದರೆ ನಗು ಬರುತ್ತದೆ. ಒಂದಿಷ್ಟು ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ. ಇವತ್ತು ಜಗತ್ತಿನಾದ್ಯಂತ ಇರುವ ಸಹಕಾರ ಸಂಘಗಳು ತಮ್ಮ ವಂಶವನ್ನು ಹುಡುಕಿಕೊಂಡು ಹೋಗುವುದು ಈ ಅಂಗಡಿಗೇ.

ಒಗ್ಗಟ್ಟು ಅನ್ನೋದು ಇವರಿಗಿಂತ ಮೊದಲೂ ಇತ್ತು. ಅದೇ ಊರಿನಲ್ಲಿ ಹತ್ತು ವರ್ಷದ ಹಿಂದೆ ಇಂಥದ್ದೇ ಅಂಗಡಿ ತೆರೆದು ಮುಚ್ಚಿದ್ದರು. ಮುಳುಗಿದ್ದು ಉದ್ರಿಯಿಂದ. ಕಷ್ಟದಲ್ಲಿರುವವನಿಗೆ 'ಆಮೇಲೆ ಕೊಡು' ಅನ್ನುವುದೇ ಒಳ್ಳೆಯತನ ಅಲ್ವಾ? ಆದರೆ ಆ ಒಳ್ಳೆಯತನವೇ ಅಂಗಡಿಯನ್ನು ನುಂಗಿತು. ಹಾಗಾಗಿ 1844ರವರು ಉದ್ರಿ ಇಲ್ಲ, ನಗದು ಮಾತ್ರ ಅಂದರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು ಅಂದರು.

ಲಾಭ ಹಂಚುವುದರಲ್ಲಿ ಇನ್ನೂ ದೊಡ್ಡ ಜಾಣತನ ಇತ್ತು. ಸಾಮಾನ್ಯವಾಗಿ ಲಾಭ ಹೋಗುವುದು ಬಂಡವಾಳ ಹಾಕಿದವನಿಗೆ. ಇವರು ಬಂಡವಾಳಕ್ಕೆ ಇಷ್ಟು ಅಂತ ಬಡ್ಡಿ ಮಾತ್ರ ಕೊಟ್ಟು, ಉಳಿದ ಲಾಭವನ್ನು ಯಾರು ಎಷ್ಟು ಸಾಮಾನು ಕೊಂಡರು ಅಂತ ನೋಡಿ ಹಂಚಿದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನೀವು ವರ್ಷಕ್ಕೆ 20,000 ರೂಪಾಯಿ ದಿನಸಿ ಕೊಂಡಿದ್ದೀರಿ, ನಾನು 5,000ದ್ದು. ವರ್ಷದ ಕೊನೆಗೆ ನನಗೆ ನೂರು ಬಂದರೆ ನಿಮಗೆ ನಾನೂರು. ದೊಡ್ಡ ಸಂಸಾರ ಇದ್ದವರಿಗೆ ಜಾಸ್ತಿ ಬಂತು. ದುಡ್ಡಿದ್ದವನೊಬ್ಬ ಬಂದು ಜಾಸ್ತಿ ಷೇರು ತಗೊಂಡು ಅಂಗಡಿಯನ್ನು ತನ್ನದು ಮಾಡಿಕೊಳ್ಳುವ ದಾರಿಯೇ ಮುಚ್ಚಿತು.

ಈ ಹಾದಿ ನಮ್ಮ ಕಡೆಗೂ ಬಂತು, ಸ್ವಲ್ಪ ಸುತ್ತಿಕೊಂಡು. ಜರ್ಮನಿಯಲ್ಲಿ ಒಂದು ಊರಿನ ಮೇಯರ್ ಆಗಿದ್ದ ರೈಫೈಸನ್ 1846–47ರ ಬರದಲ್ಲಿ ಹಿಟ್ಟು ಹಂಚಲು ಸಂಘ ಕಟ್ಟಿದವರು. ಮುಂದೆ ಅವರು ಹಳ್ಳಿಯ ಸಾಲದ ಸಂಘಗಳನ್ನು ಕಟ್ಟಿದರು. ಅದರ ನಿಯಮ ಮೊದಲ ಸಲ ಕೇಳಿದರೆ ಭಯವಾಗುತ್ತದೆ. ಒಬ್ಬ ಸಾಲ ತೀರಿಸದಿದ್ದರೆ ಎಲ್ಲ ಸದಸ್ಯರ ಆಸ್ತಿಯೂ ಹೊಣೆ. ಆದರೆ ಸಂಘ ಒಂದೇ ಹಳ್ಳಿಯದು. ಹಳ್ಳಿಯಲ್ಲಿ ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ, ಯಾರ ಹಸು ಕರು ಹಾಕಿದೆ ಎಲ್ಲ ಗೊತ್ತು. ಬ್ಯಾಂಕ್ ಮ್ಯಾನೇಜರ್ ವರ್ಷಗಟ್ಟಲೆ ಹುಡುಕಿದರೂ ಸಿಗದ ಮಾಹಿತಿ ಅಲ್ಲಿ ಅರಳಿಕಟ್ಟೆಯಲ್ಲಿ ಬಿಟ್ಟಿ ಸಿಗುತ್ತದೆ.

ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಇದನ್ನು ಓದಿ, ನೋಡಿ ವರದಿ ಬರೆದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಅಂತ ಅದನ್ನು ಕರೆಯುತ್ತಾರೆ. ಇವತ್ತು ರೈತರು 'ಸೊಸೈಟಿ ಸಾಲ' ಅನ್ನುತ್ತಾರಲ್ಲ, ಅದರ ಬೇರು ಇಲ್ಲಿದೆ. ಆ ಸೊಸೈಟಿಗಳಲ್ಲಿ ಎಷ್ಟೋ ಕಡೆ ಈಗ ರಾಜಕೀಯವೇ ಜಾಸ್ತಿ ಅನ್ನುವುದು ಬೇರೆ ಮಾತು. ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಬೀಡಿ ಕಟ್ಟುತ್ತಾ ಪೇಪರ್ ಕೇಳಿದವರು

ನನಗೆ ತುಂಬಾ ಹಿಡಿಸಿದ ಕತೆ ಕಣ್ಣೂರಿನದು. ಅದಕ್ಕೆ ಮಂಗಳೂರಿನ ನಂಟೂ ಇದೆ.

ಕೇರಳದ ಕಣ್ಣೂರಿನಲ್ಲಿ ಬೀಡಿ ಕಟ್ಟುವವರು ಸಾಲಾಗಿ ಕೂತು ಕೆಲಸ ಮಾಡುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ತಂಬಾಕು, ನೂಲು. ಕೈ ಓಡುತ್ತಲೇ ಇರುತ್ತದೆ, ಕಿವಿ ಖಾಲಿ. ಹಾಗಾಗಿ ಅವರಲ್ಲೇ ಒಬ್ಬ ಎದ್ದು ಪೇಪರ್ ಓದುತ್ತಿದ್ದ. ಬೀಡಿ ಕೆಲಸಕ್ಕೆ ಕೂಲಿ ಎಣಿಕೆಯ ಮೇಲೆ. ಓದುತ್ತಾ ನಿಂತವನು ಕಟ್ಟುವ ಹಾಗಿಲ್ಲ, ಅವನ ಕೂಲಿ ಹೋಗುತ್ತದೆ. ಅದಕ್ಕೆ ಉಳಿದವರು ತಾವು ಕಟ್ಟಿದ ಬೀಡಿಯಲ್ಲಿ ಒಂದಿಷ್ಟನ್ನು ಅವನ ಲೆಕ್ಕಕ್ಕೆ ಹಾಕುತ್ತಿದ್ದರು. ಪೇಪರ್ ಆದ ಮೇಲೆ ಕತೆ, ಕಾದಂಬರಿ. ಓದಿದ ಮೇಲೆ ಜಗಳ, ಚರ್ಚೆ. ಅಕ್ಷರ ಬಾರದವರಿಗೂ ದೇಶದ ಸುದ್ದಿ ಗೊತ್ತಿತ್ತು.

1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಕಾಯ್ದೆ ತಂತು. ರಜೆ, ಕೆಲಸದ ಜಾಗದ ಸೌಕರ್ಯ, ಇತ್ಯಾದಿ. ಕೇರಳ ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಮಾಲೀಕರು ಕಣ್ಣೂರಿನ ಶೆಡ್ಡುಗಳನ್ನು ಮುಚ್ಚಿದರು. ಸುಮಾರು 12,000 ಜನರ ಕೆಲಸ ಹೋಯಿತು. 1969ರಲ್ಲಿ ಆ ಕೆಲಸಗಾರರೇ, ರಾಜ್ಯ ಸರ್ಕಾರದ ನೆರವಿನಿಂದ, ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ತಾವೇ ಮಾಲೀಕರಾಗಿ ಬ್ರ್ಯಾಂಡನ್ನು ಮಾರುಕಟ್ಟೆಯಲ್ಲಿ ನಿಲ್ಲಿಸಿದರು. ಮುಂದೆ ಬೀಡಿ ಸೇದುವವರು ಕಡಿಮೆಯಾದಾಗ ಕೊಡೆ, ತೆಂಗಿನ ಹಾಲು, ಬಟ್ಟೆ, ಸಾಫ್ಟ್‌ವೇರ್ ಕಡೆಗೂ ಹೊರಳಿದರು. ಬೀಡಿ ಕಟ್ಟುವವರ ಸಂಘ ಸಾಫ್ಟ್‌ವೇರ್ ಮಾಡಿದ್ದು ಕೇಳಿ ನಾನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ.

ಇವರಿಂದ ಇದು ಹೇಗಾಯಿತು ಅಂತ ಕೇಳಿದರೆ ನನ್ನ ಕಣ್ಣು ಹೋಗುವುದು ಆ ಓದುವವನ ಕಡೆಗೆ. ಒಂದೇ ಸೂರಿನಡಿ ಕೂತು, ಒಂದೇ ಸುದ್ದಿ ಕೇಳಿ, ಒಬ್ಬನ ಕೂಲಿಯನ್ನು ಹಂಚಿಕೊಂಡು ಹೊತ್ತು ರೂಢಿಯಾಗಿತ್ತು. ಕೆಲಸ ಹೋದ ದಿನ ಅವರು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿರಲಿಲ್ಲ.

ಬೆಂಗಳೂರಿನಲ್ಲೂ ಇದರ ಅಣ್ಣನಂಥ ಕತೆ ಇದೆ. ಕಾಫಿ ಬೋರ್ಡಿನವರು ತಮ್ಮ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಬೀದಿಗೆ ಬಿದ್ದ ಸಪ್ಲೈಯರ್‌ಗಳು, ಅಡುಗೆಯವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಂಘ ಮಾಡಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು, ಬೆಂಗಳೂರಿನಲ್ಲಿ. ಎಂ.ಜಿ. ರೋಡಿನಲ್ಲಿದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಮುಂಡಾಸು ಕಟ್ಟಿಕೊಂಡು ಕಾಫಿ ತಂದಿಡುವವರು ಅಲ್ಲಿ ಬರೀ ನೌಕರರಲ್ಲ ಅನ್ನುವುದು ಎಷ್ಟೋ ಗಿರಾಕಿಗಳಿಗೆ ಗೊತ್ತಿಲ್ಲ.

ಅದೇ ಹಗ್ಗ, ಬೇರೆ ಕೈ

ಸ್ತ್ರೀಶಕ್ತಿ ಸಂಘದ ಮೀಟಿಂಗ್ ನೀವು ನೋಡಿರುತ್ತೀರಿ. ಹದಿನೈದು ಇಪ್ಪತ್ತು ಹೆಂಗಸರು, ಜಮಖಾನ, ನಡುವೆ ಪುಸ್ತಕ. ವಾರ ವಾರ ಉಳಿತಾಯ, ಅದರಿಂದಲೇ ಒಬ್ಬರಿಗೆ ಸಾಲ. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಇಂಥ ಗುಂಪುಗಳ ಜೊತೆ ಕೆಲಸ ಶುರುಮಾಡಿತು. ದೊಡ್ಡ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳು ಉಳಿದುಕೊಂಡವು. 1992ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. 2000ದಲ್ಲಿ ಕರ್ನಾಟಕದ ಸ್ತ್ರೀಶಕ್ತಿ ಯೋಜನೆ ಬಂತು.

ಇದನ್ನು ನೋಡಿ ಮೈಕ್ರೋಫೈನಾನ್ಸ್ ಕಂಪನಿಗಳೂ ಗುಂಪು ಮಾಡಿಸಿದವು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅದೇ ಹೆಂಗಸರು, ಅದೇ ಜಮಖಾನ, ಒಬ್ಬರಿಗೆ ಇನ್ನೊಬ್ಬರು ಜಾಮೀನು. ವ್ಯತ್ಯಾಸ ದುಡ್ಡಿನದು. ಸ್ವಸಹಾಯ ಸಂಘದಲ್ಲಿ ತಿರುಗುವುದು ಅವರದೇ ಉಳಿತಾಯ. ಒಬ್ಬಳ ಗಂಡ ಆಸ್ಪತ್ರೆ ಸೇರಿದರೆ 'ಈ ತಿಂಗಳು ಬಿಡು, ಮುಂದಿನ ತಿಂಗಳು ಕಟ್ಟು' ಅನ್ನುವ ಅಧಿಕಾರ ಗುಂಪಿನದೇ. ಕಂಪನಿಯ ಗುಂಪಿಗೆ ಆ ಅಧಿಕಾರ ಇಲ್ಲ. ಕಂತು ಬರದಿದ್ದರೆ ಏಜೆಂಟ್ ಜಮಖಾನ ಬಿಟ್ಟು ಏಳುವುದಿಲ್ಲ, ಉಳಿದವರು ಆ ಮನೆ ಬಾಗಿಲಿಗೆ ಹೋಗಬೇಕು. ನೆರೆಹೊರೆಯವರ ಸಲಿಗೆಯೇ ವಸೂಲಿಯ ಹತ್ಯಾರವಾಗುತ್ತದೆ. ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ತಪ್ಪಿಗೆ ಹತ್ತು ವರ್ಷದವರೆಗೂ ಜೈಲು.

ಯಾರಾದರೂ 'ನಾವೊಂದು ಕಮ್ಯುನಿಟಿ' ಅಂದಾಗ ನಾನು ಮೊದಲು ಕೇಳುವುದು ಅದಕ್ಕೇ: ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆ? ಈ ತಿಂಗಳು ಬಿಡು ಅನ್ನೋಕೆ ಯಾರಿಗೆ ಹಕ್ಕಿದೆ?

ಶೆಡ್ಡೇ ಇಲ್ಲದ ಕೆಲಸ

ಈಗ ಆ್ಯಪ್ ಕೆಲಸಕ್ಕೆ ಬರೋಣ. ದೇಶದಲ್ಲಿ 2020–21ರಲ್ಲಿ 77 ಲಕ್ಷ ಜನ ಗಿಗ್ ಕೆಲಸದಲ್ಲಿ, ಅಂದರೆ ಸಂಬಳದ ನೌಕರಿ ಅಲ್ಲದೆ ಮಾಡಿದಷ್ಟಕ್ಕೆ ದುಡ್ಡು ಸಿಗುವ ಕೆಲಸದಲ್ಲಿ, ಇದ್ದರು, 2029–30ಕ್ಕೆ ಅದು 2.35 ಕೋಟಿ ಆಗಬಹುದು ಅಂತ ನೀತಿ ಆಯೋಗ 2022ರಲ್ಲಿ ಅಂದಾಜು ಮಾಡಿತ್ತು.

ಬೀಡಿ ಶೆಡ್ಡಿನ ಪಕ್ಕ ಇದನ್ನಿಟ್ಟು ನೋಡಿ. ಇಲ್ಲಿ ಶೆಡ್ಡಿಲ್ಲ, ಎಲ್ಲರೂ ರಸ್ತೆಯಲ್ಲಿ. ಮೇಸ್ತ್ರಿ ಇಲ್ಲ, ಬೈಯೋಣ ಅಂದರೆ ಫೋನಿನೊಳಗೆ ಯಾರೂ ಇಲ್ಲ. ನನಗೆ ಬಾರದ ಆರ್ಡರ್ ಪಕ್ಕದವನಿಗೆ ಬಂತು, ಹಾಗಾಗಿ ಪಕ್ಕದವನೇ ಎದುರಾಳಿ. ಎಲ್ಲಕ್ಕಿಂತ ಕಷ್ಟ ಅಂದರೆ, ಇವತ್ತಿದ್ದವನು ಮೂರು ತಿಂಗಳಾದ ಮೇಲೆ ಇರಲ್ಲ. ಊರಿಗೆ ಹೋದ, ಬೇರೆ ಆ್ಯಪ್ ಹಿಡಿದ, ಐಡಿ ಬ್ಲಾಕ್ ಆಯ್ತು. ಮುಯ್ಯಿ ತೀರಿಸಲು ನಾಳೆ ಅನ್ನುವುದೊಂದು ಬೇಕಲ್ಲ.

ಕಾನೂನು ಸ್ವಲ್ಪ ದೂರ ಬಂದಿದೆ. ರಾಜಸ್ಥಾನ 2023ರಲ್ಲಿ ಮೊದಲ ಹೆಜ್ಜೆ ಇಟ್ಟಿತು. ಕರ್ನಾಟಕ 2025ರಲ್ಲಿ ತನ್ನದೇ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು. ಪ್ರತಿ ಆರ್ಡರ್‌ಗೆ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಕಂಪನಿ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಟಬೇಕು. ಆ ದುಡ್ಡನ್ನು ನೋಡಿಕೊಳ್ಳಲು ಒಂದು ಮಂಡಳಿ. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದುಕೊಟ್ಟು 14 ದಿನದ ನೋಟಿಸ್ ಕೊಡಬೇಕು. ಇದು ಸಣ್ಣದಲ್ಲ. ನಿಧಿ ಅನ್ನುವುದು ದೊಡ್ಡ ಮುಯ್ಯಿ ಪುಸ್ತಕವೇ, ಅದನ್ನು ಸರ್ಕಾರ ಬರೆಯುತ್ತದೆ ಅಷ್ಟೇ. ಆದರೆ ರಾತ್ರಿ ಹನ್ನೊಂದಕ್ಕೆ ಬೈಕ್ ಜಾರಿ ಬಿದ್ದವನ ಹತ್ತಿರ ಮಂಡಳಿ ಓಡಿ ಬರಲ್ಲ.

ಬರುವವರು ಯಾರು ಅಂತ ನಾನು ನಮ್ಮ ಏರಿಯಾದಲ್ಲೇ ನೋಡಿದ್ದೇನೆ. ಹತ್ತು ನಿಮಿಷದ ದಿನಸಿ ಕಳಿಸುವ ಗೋದಾಮಿನ ಎದುರು ಒಂದು ಹೊಂಗೆ ಮರ, ಅದರ ಕೆಳಗೆ ಟೀ ಗಾಡಿ. ಆರ್ಡರ್ ಇಲ್ಲದ ಹೊತ್ತಿನಲ್ಲಿ ಹುಡುಗರೆಲ್ಲ ಅಲ್ಲೇ. ಒಬ್ಬ ಬೈಕಿನ ಮೇಲೆ ಅಡ್ಡ ಮಲಗಿರುತ್ತಾನೆ. ಇನ್ನೊಬ್ಬನ ಪವರ್ ಬ್ಯಾಂಕಿಗೆ ಎರಡು ಫೋನ್ ನೇತುಬಿದ್ದಿರುತ್ತವೆ. ಫೋನ್ ಸತ್ತರೆ ಕೂಲಿ ಸತ್ತ ಹಾಗೆ. ಅವರದೊಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಯಾವ ರಸ್ತೆಯಲ್ಲಿ ನೀರು ನಿಂತಿದೆ, ಯಾವ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಹತ್ತಲು ಬಿಡಲ್ಲ, ಎಲ್ಲ ಅಲ್ಲಿಗೆ ಬರುತ್ತದೆ. ಕಳೆದ ಮಳೆಗಾಲದಲ್ಲಿ ಒಬ್ಬ ಬಿದ್ದಾಗ ಬರೀ ಲೊಕೇಶನ್ ಹಾಕಿದ್ದ, ಒಂದಕ್ಷರ ಇಲ್ಲ. ಹತ್ತಿರ ಇದ್ದ ಇಬ್ಬರು ಹೋಗಿ ಆಸ್ಪತ್ರೆಗೆ ಸೇರಿಸಿದರು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಅಡ್ವಾನ್ಸ್.

ಆ ಅಡ್ವಾನ್ಸ್ ಬಂದದ್ದು ಚೀಟಿಯಿಂದ. ವಾರಕ್ಕೆ ತಲೆಗೆ ಇನ್ನೂರು. ಚೀಟಿ ಅಂದರೆ ಗೊತ್ತಲ್ಲ, ಎಲ್ಲರೂ ಹಾಕಿದ್ದನ್ನು ಸರದಿಯಂತೆ ಒಬ್ಬೊಬ್ಬರು ಎತ್ತುವುದು. ಹರಾಜು ಚೀಟಿಯಲ್ಲಿ ಜಾಸ್ತಿ ಬಿಟ್ಟುಕೊಡುವವನಿಗೆ ದುಡ್ಡು ಮೊದಲು ಸಿಗುತ್ತದೆ, ಅವನು ಬಿಟ್ಟದ್ದು ಉಳಿದವರಿಗೆ ಲಾಭ. ಇವರದರಲ್ಲಿ ಹರಾಜಿಲ್ಲ. ಪೆಟ್ಟಾದವನಿಗೆ, ಬೈಕ್ ಸೀಜ್ ಆದವನಿಗೆ ಮೊದಲು.

ಹುಡುಗರು ಬದಲಾಗುತ್ತಲೇ ಇರುತ್ತಾರೆ, ಎತ್ತಿಕೊಂಡು ಓಡಿಹೋದರೆ ಅಂತ ಕೇಳಿದೆ. 'ಓಡಿ ಹೋಗ್ಯಾನ ಒಬ್ಬಾವ' ಅಂದ ಸಿಂಧನೂರಿನ ಕಡೆಯ ಹುಡುಗ, ನಗುತ್ತಾ. 'ಆಮ್ಯಾಲೆ ಅಕ್ಕಾರ ಕೈಯಾಗ ಕೊಟ್ವಿ.' ಅಕ್ಕ ಅಂದರೆ ಟೀ ಗಾಡಿಯವರು. ಹನ್ನೆರಡು ವರ್ಷದಿಂದ ಅದೇ ಮರದ ಕೆಳಗೆ ಇದ್ದಾರಂತೆ. ಹೊಸಬರನ್ನು ಸೇರಿಸಿಕೊಳ್ಳಬೇಕಾ ಬೇಡವಾ ಅಂತ ಹೇಳುವುದೂ ಅವರೇ. ಎರಡು ತಿಂಗಳು ಟೀ ಲೆಕ್ಕ ಸರಿಯಾಗಿ ಚುಕ್ತಾ ಮಾಡಿದವನಿಗೆ ಮಾತ್ರ ಚೀಟಿ.

ಪುಸ್ತಕ ನೋಡಬಹುದಾ ಅಂದೆ. ಬಿಸ್ಕತ್ತಿನ ಡಬ್ಬಿಯ ಕೆಳಗಿಂದ ತೆಗೆದು ಕೊಟ್ಟರು. ಟೀ ಕಲೆ ಬಿದ್ದ ನೂರು ಪುಟದ ನೋಟ್‌ಬುಕ್. ಎಷ್ಟೋ ಹುಡುಗರ ಪೂರ್ತಿ ಹೆಸರು ಅಕ್ಕನಿಗೆ ಗೊತ್ತಿಲ್ಲ. ಬರೆದದ್ದು ಹೀಗಿತ್ತು: 'ಸಿಂಧನೂರು – 200. ಚಿಂತಾಮಣಿ ಕನ್ನಡಕ – 200. ಕೆಂಪು ಬೈಕ್ ಉದ್ದ – 200. ಮದುವೆ ಆದವನು – 200, ಹಿಂದಿನ ವಾರದ್ದು ಬಾಕಿ.' ಕೆಲವು ಸಾಲಿನ ಮುಂದೆ ಒಂದೊಂದು ಗೀಟು.